ಗೋವಾ 70.3 ತಯಾರಿ: ದುಡ್ಡು ಚಕ್ರಕ್ಕೆ ಹಾಕಲಾ, ಫಿಟ್ಟಿಂಗ್‌ಗೆ ಹಾಕಲಾ?

ಪೆಡಲ್ ಮಂಡ್ಯ:
ಎಲ್ಲರಿಗೂ ನಮಸ್ಕಾರ. ಗೋವಾ 70.3ಗೆ, ಅಂದರೆ ಈಜು, ಸೈಕಲ್, ಓಟ ಮೂರೂ ಇರುವ ಅರ್ಧ ಐರನ್‌ಮ್ಯಾನ್ ರೇಸಿಗೆ, ಹೆಸರು ಕೊಟ್ಟಿದ್ದೇನೆ. ಮಂಡ್ಯ ಕಡೆಯವನು, ಈಗ ಬೆಂಗಳೂರಲ್ಲಿ ಕೆಲಸ. ವಯಸ್ಸು 41, ತೂಕ 76 ಕೆ.ಜಿ. 1.9 ಕಿ.ಮೀ. ಈಜಿಗೆ ಹೆದರಿಕೆ ಇಲ್ಲ, ನಾಲೆಯಲ್ಲಿ ಈಜು ಕಲಿತವನು. 21 ಕಿ.ಮೀ. ಓಟವೂ ಪರವಾಗಿಲ್ಲ. ತಲೆನೋವು ಇರೋದು ನಡುವಿನ 90 ಕಿ.ಮೀ. ಸೈಕಲ್ಲಿನದು. ಸಾಮಾನ್ಯ ಅಲ್ಯೂಮಿನಿಯಂ ರೋಡ್ ಬೈಕ್ ಇದೆ. ಭಾನುವಾರ ಬೆಳಗ್ಗೆ ದೇವನಹಳ್ಳಿ ಕಡೆ ಹೋದರೆ ಗಂಟೆಗೆ 28–30ರ ಆಸುಪಾಸಿನಲ್ಲಿ ಓಡಿಸುತ್ತೇನೆ, ಅದಕ್ಕಿಂತ ಮೇಲೆ ಏರುತ್ತಿಲ್ಲ.

ಕೈಯಲ್ಲಿ ಒಂದೂವರೆ ಲಕ್ಷ ಇದೆ. ಮನೆಯವರ ಒಪ್ಪಿಗೆಯೂ ಸಿಕ್ಕಿದೆ, ಅದೇ ಕಷ್ಟದ ಭಾಗ. ಈಗ ಒಬ್ಬರು 60 ಎಂಎಂ ಆಳದ ರಿಮ್ಮಿನ ಕಾರ್ಬನ್ ಚಕ್ರ ತಗೋ ಅಂತಾರೆ. ಇನ್ನೊಬ್ಬರು ತಮ್ಮ ಹಳೇ ಟ್ರೈ ಬೈಕನ್ನೇ (ಇಂಥ ರೇಸಿಗೆಂದೇ ಮಾಡಿದ ಸೈಕಲ್) ಕೊಡ್ತೀನಿ ಅಂತಾರೆ. ಕೋಚ್ ಇಟ್ಕೋ, ಫಿಟ್ಟಿಂಗ್ (ಮೈಗೆ ತಕ್ಕ ಹಾಗೆ ಸೈಕಲ್ಲಿನ ಅಳತೆ ಹೊಂದಿಸುವುದು) ಮಾಡಿಸು ಅನ್ನೋರೂ ಇದ್ದಾರೆ. ಏರೋ, ಅಂದರೆ ಗಾಳಿತಡೆ ಕಡಿಮೆ ಮಾಡೋದು, ಎಲ್ಲ 40ರಲ್ಲಿ ಹೋಗುವವರಿಗೆ, ನಮ್ಮಂಥವರಿಗೆ ಸುಮ್ನೆ ದಂಡ ಅಂತ ಮತ್ತೊಬ್ಬರು. ಯಾರ ಮಾತು ಕೇಳಲಿ?

ಗಾಳಿಲೆಕ್ಕ:
ಕೊನೆಯವರ ಮಾತು ಮಾತ್ರ ಕೇಳಬೇಡಿ. ಲೆಕ್ಕ ಹಾಕಿ ತೋರಿಸುತ್ತೇನೆ.

ಗಾಳಿಯನ್ನು ಸೀಳಿಕೊಂಡು ಹೋಗಲು ಬೇಕಾಗುವ ವಾಟ್ ಮೂರು ವಿಷಯಗಳ ಮೇಲೆ ನಿಂತಿದೆ. ಗಾಳಿಯ ಸಾಂದ್ರತೆ, ನಿಮ್ಮ ಸಿಡಿಎ, ಆಮೇಲೆ ವೇಗ. ಸಿಡಿಎ ಅಂದರೆ ನೀವು ಮತ್ತು ನಿಮ್ಮ ಸೈಕಲ್ ಗಾಳಿಗೆ ಎಷ್ಟು ಅಡ್ಡ ನಿಲ್ಲುತ್ತೀರಿ ಅನ್ನುವ ಅಳತೆ. ವೇಗ ಮಾತ್ರ ಘನದಲ್ಲಿ ಬರುತ್ತದೆ. ವೇಗ ಎರಡು ಪಟ್ಟಾದರೆ ಗಾಳಿಗೆ ಕೊಡಬೇಕಾದ ವಾಟ್ ಎಂಟು ಪಟ್ಟು.

ರೋಡ್ ಬೈಕಿನಲ್ಲಿ ಸಾಮಾನ್ಯವಾಗಿ ಕೂತವರ ಸಿಡಿಎ 0.32 ಅಂತಿಟ್ಟುಕೊಳ್ಳಿ. ಸವಾರ, ಸೈಕಲ್, ನೀರು ಎಲ್ಲ ಸೇರಿ 85 ಕೆ.ಜಿ. ಗೋವಾದ ಸೆಕೆಯಲ್ಲಿ, ಸಮತಟ್ಟು ರಸ್ತೆಯಲ್ಲಿ, ಗಂಟೆಗೆ 30ರಲ್ಲಿ ಹೋಗಲು ಗಾಳಿಗೆ ಸುಮಾರು 106 ವಾಟ್, ಟಯರ್ ಉರುಳಲು 35 ವಾಟ್ ಬೇಕು. ಒಟ್ಟು 141. ಈಗ ಅದೇ ಸೈಕಲ್ಲಿಗೆ ಏರೋ ಬಾರ್ (ಮುಂಗೈ ಊರಿ ಮುಂದಕ್ಕೆ ಬಗ್ಗಿ ಮಲಗಲು ಹ್ಯಾಂಡಲ್ಲಿಗೆ ಕಟ್ಟುವ ಕೋಲು) ಹಾಕಿ, ಸರಿಯಾಗಿ ಮಲಗಿ ಸಿಡಿಎ 0.26ಕ್ಕೆ ಇಳಿಸಿದಿರಿ ಅನ್ನಿ. ಅದೇ 30ಕ್ಕೆ 121 ವಾಟ್ ಸಾಕು. ಮೊದಲಿನ 141ನ್ನೇ ತುಳಿದರೆ ವೇಗ 31.9 ಆಗುತ್ತದೆ. 90 ಕಿ.ಮೀ.ನಲ್ಲಿ ಹತ್ತು ನಿಮಿಷ ಉಳಿಯಿತು. ಪೂರ್ತಿ ಐರನ್‌ಮ್ಯಾನಿನ 180 ಕಿ.ಮೀ. ಆದರೆ ಇಪ್ಪತ್ತು ನಿಮಿಷ.

40ರಲ್ಲಿ ಹೋಗುವವರಿಗೆ ಉಳಿಯುವ ವಾಟ್ ಜಾಸ್ತಿ, ನಿಜ. ಆದರೆ ಅವರು 90 ಕಿ.ಮೀ. ಎರಡೂಕಾಲು ಗಂಟೆಯಲ್ಲಿ ಮುಗಿಸಿಬಿಡುತ್ತಾರೆ. ನಾವು ಮೂರು ಗಂಟೆ ಗಾಳಿಯಲ್ಲಿ ಇರುತ್ತೇವೆ. ಹಾಗಾಗಿ ನಿಮಿಷದ ಲೆಕ್ಕದಲ್ಲಿ ನಿಧಾನದವರಿಗೇ ಲಾಭ ಹೆಚ್ಚು.

ಇನ್ನು ಚಕ್ರ. ಒಟ್ಟು ಗಾಳಿತಡೆಯಲ್ಲಿ ಮುಕ್ಕಾಲು ಪಾಲು ಸವಾರನ ಮೈಯದೇ. ಫ್ರೇಮು, ಚಕ್ರ, ಬಾಟಲಿ ಎಲ್ಲ ಉಳಿದ ಕಾಲು ಪಾಲನ್ನು ಹಂಚಿಕೊಳ್ಳುತ್ತವೆ. ನಿಮ್ಮ ವೇಗಕ್ಕೆ 60 ಎಂಎಂ ಚಕ್ರ ಉಳಿಸುವುದು ನಾಲ್ಕೈದು ವಾಟ್. ಕೆಲವೇ ಸಾವಿರದ ಏರೋ ಬಾರ್ 20 ಉಳಿಸುವಾಗ ಲಕ್ಷದ ಚಕ್ರ ಮೊದಲು ಯಾಕೆ?

ಹಳೇ ಹುಲಿ:
ಲೆಕ್ಕ ಚೆನ್ನಾಗಿದೆ ಗಾಳಿಲೆಕ್ಕ ಅವರೇ. ಕಾಗದದ ಮೇಲೆ. 0.26 ಅಂತ ಸುಲಭವಾಗಿ ಬರೆದಿರಿ. ಆ ಭಂಗಿಯಲ್ಲಿ ಮೂರು ಗಂಟೆ ಇರುವವರು ಎಷ್ಟು ಜನ? ಯಾವುದೇ ರೇಸಿಗೆ ಹೋಗಿ ನೋಡಿ. 60ನೇ ಕಿ.ಮೀ. ದಾಟುವ ಹೊತ್ತಿಗೆ ಹತ್ತು ಲಕ್ಷದ ಸೈಕಲ್ಲಿನ ಮೇಲೆ ನೆಟ್ಟಗೆ ಎದ್ದು ಕೂತವರ ಸಾಲೇ ಕಾಣುತ್ತದೆ. ಕುತ್ತಿಗೆ ನೋವು, ಸೊಂಟ ನೋವು, ಇಲ್ಲಾ ಹೇಳಿಕೊಳ್ಳಲಾಗದ ಜಾಗದಲ್ಲಿ ನೋವು. ಅರ್ಧ ದಾರಿ ಎದ್ದು ಕೂತರೆ ನಿಮ್ಮ ಹತ್ತು ನಿಮಿಷದಲ್ಲಿ ಐದು ಹೋಯಿತು. ಉಳಿದ ಐದನ್ನು ಸೊಂಟ ಹಿಡಿದುಕೊಂಡು ಓಡುವಾಗ ಕಳೆದುಕೊಳ್ಳುತ್ತಾರೆ.

ಮಂಡ್ಯ ಅಣ್ಣಾ, ಮೊದಲು ಕಾಲಿಗೆ ಬಲ ಬರಲಿ. ಎಫ್‌ಟಿಪಿ, ಅಂದರೆ ಸುಮಾರು ಒಂದು ಗಂಟೆ ತುಳಿಯಬಲ್ಲ ಗರಿಷ್ಠ ವಾಟ್, ಏರಿಸಿ. ಕೋಚಿಗೆ ದುಡ್ಡು ಕೊಡಿ.

ಗಾಳಿಲೆಕ್ಕ:
ಮೊದಲರ್ಧ ಪೂರ್ತಿ ಒಪ್ಪಿದೆ ಸರ್. ಹಿಡಿದಿಡಲಾಗದ ಭಂಗಿ ಏರೋ ಅಲ್ಲ.

ಆದರೆ ಎರಡನೆಯದು. 70.3ರಲ್ಲಿ ಎಫ್‌ಟಿಪಿಯ 75–80 ಶೇಕಡಾ ತುಳಿಯುತ್ತೇವೆ. 141 ವಾಟ್ ತುಳಿಯುವವರ ಎಫ್‌ಟಿಪಿ 180ರ ಮೇಲೆ ಸ್ವಲ್ಪ. ಏರೋ ಬಾರ್ ಕೊಡುವ 20 ವಾಟನ್ನು ಕಾಲಿನಿಂದಲೇ ತರಬೇಕಾದರೆ ಎಫ್‌ಟಿಪಿ 205–210ಕ್ಕೆ ಹೋಗಬೇಕು. 41ರ ವಯಸ್ಸು, ಆಫೀಸು, ಮಕ್ಕಳು. ಎಷ್ಟು ತಿಂಗಳ ಕೆಲಸ ಅದು? ಬೇಡ ಅಂತಲ್ಲ. ಎರಡೂ ಒಂದರ ಮೇಲೊಂದು ಸೇರುತ್ತವೆ. ಒಂದನ್ನು ಬಿಟ್ಟು ಇನ್ನೊಂದು ಅಂತ ಯಾಕೆ ಆರಿಸಬೇಕು?

ಬಿಜಾಪುರ ಬಿಸಿಲು:
ನಮ್ಮ ವಿಜಯಪುರ, ಬಾಗಲಕೋಟೆ ಕಡೆ ಹುಡುಗರು ತಲೆಮಾರುಗಳಿಂದ ಸೈಕಲ್ ರೇಸ್ ಮಾಡುತ್ತಾ ಬಂದಿದ್ದಾರೆ. ಗಾಳಿಸುರಂಗ, ಅಂದರೆ ಗಾಳಿ ಬೀಸಿ ತಡೆ ಅಳೆಯುವ ಕೋಣೆ, ಯಾರೂ ನೋಡಿಲ್ಲ. ಬಯಲು ಸೀಮೆ ರಸ್ತೆ, ಎರಡೂ ಕಡೆ ಹೊಲ, ಮರ ಕಡಿಮೆ. ಆಷಾಢದ ಗಾಳಿಗೆ ಎದುರು ಹೊರಟರೆ ತಾನೇ ಬಗ್ಗೋದು ಕಲೀತಾರೆ. ಎದೆ ಸೆಟೆಸಿ ಕೂತವನು ಕೊಡೆ ಬಿಚ್ಚಿಕೊಂಡು ಸೈಕಲ್ ಹೊಡೆದ ಹಾಗೆ.

ಒಂದು ವಿಷಯ ಸೇರಿಸುತ್ತೇನೆ. ಎದುರು ಗಾಳಿಗಿಂತ ಅಡ್ಡ ಗಾಳಿ ಅಪಾಯ. ಹಿಂದಿನ ಚಕ್ರ ಎಷ್ಟು ಆಳದ್ದಿದ್ದರೂ ನಡೆಯುತ್ತದೆ. ಮುಂದಿನದು ಹ್ಯಾಂಡಲ್ಲನ್ನೇ ತಿರುಗಿಸಿಬಿಡುತ್ತದೆ. ಹವಾಯಿಯ ಕೋನಾದಲ್ಲಿ ಐರನ್‌ಮ್ಯಾನ್ ವಿಶ್ವ ಚಾಂಪಿಯನ್‌ಶಿಪ್‌ಗೆ ಡಿಸ್ಕ್ ಚಕ್ರವನ್ನೇ (ಕಡ್ಡಿ ಕಾಣದ ಹಾಗೆ ಪೂರ್ತಿ ಮುಚ್ಚಿದ ಚಕ್ರ) ಬಿಡುವುದಿಲ್ಲ. ಅಲ್ಲಿ ಬೆಟ್ಟದ ಕಡೆಯಿಂದ ಅಡ್ಡಡ್ಡ ನುಗ್ಗುವ ಗಾಳಿಯ ಭಯಕ್ಕೆ. ಹಗುರ ಮೈಯವರು ಮುಂದೆ 40–50 ಎಂಎಂ ದಾಟಬೇಡಿ. ಗಾಳಿಗೆ ಹೆದರಿ ಏರೋ ಬಾರ್ ಬಿಟ್ಟು ಬ್ರೇಕ್ ಹಿಡಿದು ಕೂತರೆ ಆ ಚಕ್ರ ಇದ್ದೂ ಇಲ್ಲದ ಹಾಗೆ.

ಕಡಲತಡಿ:
ನಾನು ಮಂಗಳೂರಿನವಳು, ಪೂರ್ತಿ ಐರನ್‌ಮ್ಯಾನ್ ಮುಗಿಸಿದ್ದೇನೆ. ಇಲ್ಲಿಯವರೆಗೆ ಯಾರೂ ಸೀಟಿನ ಬಗ್ಗೆ ಬರೆದಿಲ್ಲ ಅಂತ ಆಶ್ಚರ್ಯ. ಹಳೇ ಹುಲಿ ಸರ್ "ಹೇಳಿಕೊಳ್ಳಲಾಗದ ಜಾಗ" ಅಂತ ದಾಟಿಸಿಬಿಟ್ಟರು. ಹೇಳಿಕೊಳ್ಳೋಣ. ಎದ್ದು ಕೂರುವವರಲ್ಲಿ ಹೆಚ್ಚಿನವರು ಎದ್ದು ಕೂರುವುದು ಅದಕ್ಕೇ.

ರೋಡ್ ಬೈಕಿನಲ್ಲಿ ಭಾರ ಕುಂಡೆಯ ಎರಡು ಮೂಳೆಗಳ ಮೇಲೆ ಬೀಳುತ್ತದೆ. ಏರೋ ಬಾರ್ ಮೇಲೆ ಮಲಗಿದ ತಕ್ಷಣ ಸೊಂಟ ಮುಂದಕ್ಕೆ ಉರುಳುತ್ತದೆ. ಭಾರ ಮುಂದಿನ ಮೆತ್ತನೆ ಜಾಗಕ್ಕೆ ಬರುತ್ತದೆ. ನರ ಒತ್ತಿ ಜೋಮು ಹಿಡಿಯುತ್ತದೆ. ಗಂಡಸರಿಗೂ ಹೆಂಗಸರಿಗೂ. ಇದನ್ನು ಸಹಿಸಿಕೊಂಡು ಅಭ್ಯಾಸ ಮಾಡಿಕೊಳ್ಳಬಾರದು, ಜೋಮು ಅಂದರೆ ಏನೋ ತಪ್ಪಾಗಿದೆ ಅಂತಲೇ. ಮೂಗು ಸೀಳಿರುವ ಅಥವಾ ಮೂಗೇ ಗಿಡ್ಡ ಇರುವ ಸೀಟು ಸಿಗುತ್ತದೆ, ಅದನ್ನು ಹಾಕಿ. ನಾಲ್ಕು ಥರದ್ದು ಗೆಳೆಯರಿಂದ ಎರವಲು ತಂದು ಕೂತು ನೋಡಿ. ನನಗೆ ಸರಿಹೋಗಿದ್ದು ನಿಮಗೆ ಆಗಬೇಕೆಂದೇನಿಲ್ಲ.

ಎರಡನೆಯದು ಸೊಂಟದ ಕೋನ. ರೋಡ್ ಬೈಕಿನ ಸೀಟ್ ಟ್ಯೂಬ್ (ಸೀಟಿನ ಕೆಳಗಿನ ಕೊಳವೆ) 73 ಡಿಗ್ರಿ ಆಸುಪಾಸು ಇರುತ್ತದೆ. ಅದರ ಮೇಲೆ ಹಾಗೇ ಮುಂದೆ ಬಗ್ಗಿದರೆ ತೊಡೆ ಹೊಟ್ಟೆಗೆ ತಾಗುತ್ತದೆ, ಉಸಿರು ಕಟ್ಟುತ್ತದೆ, ತಿಂದದ್ದು ಮೇಲೆ ಬರುತ್ತದೆ. ಟ್ರೈ ಬೈಕಿನಲ್ಲಿ ಅದು 76ರಿಂದ 80. ಇಡೀ ಮೈ ಪೆಡಲ್ಲಿನ ಸುತ್ತ ಮುಂದಕ್ಕೆ ತಿರುಗುತ್ತದೆ, ಸೊಂಟ ಬಿಚ್ಚಿಕೊಂಡಿರುತ್ತದೆ. ರೋಡ್ ಬೈಕಲ್ಲೂ ಸೀಟನ್ನು ಮುಂದೆ ಸರಿಸಿ, ಸ್ವಲ್ಪ ಎತ್ತರಿಸಿ ಅರ್ಧದಷ್ಟು ಸಾಧಿಸಬಹುದು. ಕ್ರ್ಯಾಂಕ್ (ಪೆಡಲ್ ಕೂರಿಸಿರುವ ತೋಳು) 172.5 ಎಂಎಂ ಇದ್ದರೆ 165ಕ್ಕೆ ಇಳಿಸಿ. ಕಾಲು ಮೇಲೆ ಬಂದಾಗ ಮಂಡಿ ಅಷ್ಟು ಎತ್ತರಕ್ಕೆ ಏರುವುದಿಲ್ಲ. ನನ್ನಂಥ ಗಿಡ್ಡದವರಿಗೆ ಇದು ವರ.

ಫಿಟ್ಟಿಂಗ್ ಮಾಡಿಸಿ ಮಂಡ್ಯ ಅವರೇ. ಆದರೆ ಟ್ರೈ ಭಂಗಿ ಗೊತ್ತಿರುವವರ ಹತ್ತಿರ. ನಾನು ಮೊದಲು ಹೋಗಿದ್ದ ಅಂಗಡಿಯಲ್ಲಿ ರೋಡ್ ಬೈಕಿನ ಅಳತೆಗೇ ಕೂರಿಸಿ ಕಳಿಸಿದ್ದರು.

ಪೆಡಲ್ ಮಂಡ್ಯ:
ಮೇಡಂ, ಇಷ್ಟು ಬಿಡಿಸಿ ಹೇಳಿದ್ದಕ್ಕೆ ಥ್ಯಾಂಕ್ಸ್. ಹೊಟ್ಟೆಗೆ ತೊಡೆ ತಾಗುವುದು ನನಗೂ ಇದೆ. ನನ್ನ ವಿಷಯದಲ್ಲಿ ತಪ್ಪು ಬರೀ ಕ್ರ್ಯಾಂಕಿನದಲ್ಲ ಅಂತ ಮನೆಯಲ್ಲಿ ಅಭಿಪ್ರಾಯ.

ಒಂದು ಡೌಟು. ತಲೆ, ಎದೆ ಎಷ್ಟು ಕೆಳಗೆ ಹೋದರೆ ಅಷ್ಟು ಒಳ್ಳೆಯದಾ?

ರೋಥ್ ರಾಯರು:
ಜರ್ಮನಿಯಿಂದ ಬರೆಯುತ್ತಿದ್ದೇನೆ, ನ್ಯೂರೆಂಬರ್ಗ್ ಹತ್ತಿರ ಇದ್ದೇನೆ. ಬವೇರಿಯಾದ ರೋಥ್‌ನಲ್ಲಿ ಪ್ರತಿ ವರ್ಷ ಪೂರ್ತಿ ದೂರದ ರೇಸ್ ನಡೆಯುತ್ತದೆ, ಈಜು ಅಲ್ಲಿ ಕಾಲುವೆಯಲ್ಲಿ. ಮಂಡ್ಯದವರಿಗೆ ಹೇಳಿ ಮಾಡಿಸಿದ ಹಾಗಿದೆ.

ನಿಮ್ಮ ಡೌಟಿಗೆ ಉತ್ತರ: ಇಲ್ಲ. ಕೆಳಗೆ ಹೋದಷ್ಟೂ ವೇಗ ಅನ್ನುವುದು ಹಳೇ ನಂಬಿಕೆ. ಈಗ ಒಳ್ಳೆಯ ಸವಾರರನ್ನು ನೋಡಿ. ಕೈ ಮುಂದೆ ಮೇಲಕ್ಕೆ ಏರಿರುತ್ತದೆ, ಮುಷ್ಟಿ ಹೆಚ್ಚುಕಡಿಮೆ ಗಲ್ಲದ ಹತ್ತಿರ. ತಲೆ ಭುಜಗಳ ನಡುವೆ ಆಮೆಯ ಹಾಗೆ ಒಳಗೆ ಸೇರಿಕೊಂಡಿರುತ್ತದೆ. ಮೊಣಕೈ ಹತ್ತಿರ. ಇದರಲ್ಲಿ ತಲೆ ಗಾಳಿಗೆ ಒಂಟಿಯಾಗಿ ಸಿಕ್ಕುವುದಿಲ್ಲ. ಜೊತೆಗೆ ಮುಂಗೈ ಮೇಲೆ ಭಾರ ಚೆನ್ನಾಗಿ ಕೂರುವುದರಿಂದ ಕುತ್ತಿಗೆಗೆ ಆರಾಮ. ಎಷ್ಟೋ ಜನರಿಗೆ ಮುಂಗೈ ಊರುವ ಪ್ಯಾಡ್ ಒಂದೆರಡು ಸೆಂಟಿಮೀಟರ್ ಎತ್ತರಿಸಿದಾಗಲೇ ವೇಗ ಸಿಗುತ್ತದೆ, ಭುಜ ಸಡಿಲ ಆಗುವುದರಿಂದ.

ಈ ಭಂಗಿ ಸೈಕಲ್ ರೇಸಿನವರಿಗೆ ಹೇಳಿಕೊಟ್ಟವರೇ ಟ್ರಯಥ್ಲೀಟ್‌ಗಳು. 1987ರಲ್ಲಿ ಬೂನ್ ಲೆನನ್ ಎಂಬ ಅಮೆರಿಕದ ಸ್ಕೀ ಕೋಚ್ ಇಳಿಜಾರಿನ ಸ್ಕೀ ಭಂಗಿ ನೋಡಿ ಏರೋ ಬಾರ್ ಮಾಡಿದ. ಟ್ರಯಥ್ಲೀಟ್‌ಗಳು ಮೊದಲು ಹಾಕಿಕೊಂಡರು. 1989ರ ಟೂರ್ ದ ಫ್ರಾನ್ಸ್ ಕೊನೆಯ ದಿನ ಗ್ರೆಗ್ ಲೆಮಂಡ್ 50 ಸೆಕೆಂಡ್ ಹಿಂದಿದ್ದ. ವರ್ಸೈಯಿಂದ ಪ್ಯಾರಿಸ್‌ಗೆ 24.5 ಕಿ.ಮೀ. ಟೈಮ್ ಟ್ರಯಲ್, ಅಂದರೆ ಒಬ್ಬೊಬ್ಬರೇ ಗಡಿಯಾರದ ವಿರುದ್ಧ ಓಡಿಸುವ ಸುತ್ತು. ಅವನು ಏರೋ ಬಾರ್ ಹಾಕಿದ, ಎದುರಾಳಿ ಲೊರಾಂ ಫಿನ್ಯೋಂ ಹೆಲ್ಮೆಟ್ ಕೂಡ ಇಲ್ಲದೆ ಜುಟ್ಟು ಹಾರಿಸಿಕೊಂಡು ಹೋದ. ಮೂರು ವಾರದ ರೇಸ್ 8 ಸೆಕೆಂಡಿನಲ್ಲಿ ತೀರ್ಮಾನ ಆಯಿತು. ಆ ಜುಟ್ಟಿನ ಬಗ್ಗೆ ಇಲ್ಲಿ ಕ್ಲಬ್ಬಿನ ಮುದುಕರು ಇವತ್ತಿಗೂ ಜಗಳ ಆಡುತ್ತಾರೆ.

ಹಳೇ ಹುಲಿ:
ಜುಟ್ಟು ಬಿಡಿ ರಾಯರೇ, ಇಲ್ಲಿ ಕಾಲಿನ ಕೂದಲು ತೆಗೆಸಿ ಅಂತಾರಲ್ಲ, ಅದು ನಿಜವಾ?

ರೋಥ್ ರಾಯರು:
ಸ್ಪೆಷಲೈಜ್ಡ್ ಕಂಪನಿಯವರು 2014ರಲ್ಲಿ ತಮ್ಮದೇ ಗಾಳಿಸುರಂಗದಲ್ಲಿ ಪರೀಕ್ಷೆ ಮಾಡಿ 40 ಕಿ.ಮೀ.ಗೆ ಒಂದು ನಿಮಿಷದ ಆಸುಪಾಸು ಉಳಿಯುತ್ತದೆ ಅಂದರು. ಬೆರಳೆಣಿಕೆಯ ಸವಾರರು ಅಷ್ಟೇ. ಆದರೆ ಖರ್ಚು ಒಂದು ರೇಜರ್. ಊರಿಗೆ ಬಂದಾಗ ಮದುವೆ ಮನೆಯಲ್ಲಿ ಪಂಚೆ ಉಟ್ಟರೆ ಅತ್ತೆ ಮನೆಯವರು ಕೇಳುವ ಪ್ರಶ್ನೆಗೆ ಉತ್ತರ ನೀವೇ ಹುಡುಕಿಕೊಳ್ಳಿ.

ಗಾಳಿಲೆಕ್ಕ:
ಅದಕ್ಕಿಂತ ಮೊದಲು ಬಟ್ಟೆ. ಬೆನ್ನ ಮೇಲೆ ಪಟಪಟ ಅನ್ನುವ ಸಡಿಲ ಜೆರ್ಸಿ ಹತ್ತು ವಾಟ್‌ವರೆಗೂ ತಿನ್ನಬಹುದು. ಮೊಣಕೈವರೆಗೆ ತೋಳಿರುವ ಬಿಗಿ ಟ್ರೈಸೂಟ್ ತಗೊಳ್ಳಿ. ನಂಬರ್ ಚೀಟಿ ಗಾಳಿಗೆ ಹೊಡೆದುಕೊಳ್ಳದ ಹಾಗೆ ನೋಡಿಕೊಳ್ಳಿ. ಏರೋ ಹೆಲ್ಮೆಟ್ ಕೆಲವು ವಾಟ್ ಕೊಡುತ್ತದೆ, ಆದರೆ ತಲೆ ತಗ್ಗಿಸಿ ಹ್ಯಾಂಡಲ್ ಮೇಲಿನ ಗಾರ್ಮಿನ್ ಮೀಟರ್ ನೋಡುತ್ತಾ ಕೂತರೆ ಹೆಲ್ಮೆಟ್ಟಿನ ಬಾಲ ಮೇಲೆದ್ದು ನಷ್ಟವೇ ಆದೀತು. ಗೋವಾ ಸೆಕೆಗೆ ಗಾಳಿತೂತು ಇರುವುದನ್ನೇ ನೋಡಿ. ತಲೆ ಕಾದರೆ ಓಟದಲ್ಲಿ ಅನುಭವಿಸಬೇಕು.

ಬಾಟಲಿಯನ್ನು ಎರಡು ಮುಂಗೈಗಳ ನಡುವೆ ಅಡ್ಡ ಮಲಗಿಸಿ ಕಟ್ಟಿ. ಗಾಳಿಗೂ ಒಳ್ಳೆಯದು, ಏಳದೆ ಕುಡಿಯಬಹುದು. ಎರಡನೆಯದು ಸೀಟಿನ ಹಿಂದೆ.

ಟಯರ್: ಇಲ್ಲಿ ಇನ್ನೂ ಎಷ್ಟೋ ಜನ 23 ಎಂಎಂ ಟಯರಿಗೆ 120 ಪಿಎಸ್‌ಐ ಹೊಡೆದು, ಗಟ್ಟಿ ಇದ್ದಷ್ಟು ವೇಗ ಅಂದುಕೊಳ್ಳುತ್ತಾರೆ. ನಮ್ಮ ರಸ್ತೆಯಲ್ಲಿ ಆ ಗಾಳಿಗೆ ಸೈಕಲ್ ಕುಣಿಯುತ್ತದೆ, ಕುಣಿದದ್ದೆಲ್ಲ ನಷ್ಟ. ಒಳ್ಳೆಯ ರೇಸ್ ಟಯರ್ 28 ಎಂಎಂ, 70 ಪಿಎಸ್‌ಐ ಸುತ್ತಮುತ್ತ. ಒಳಗೆ ಲೇಟೆಕ್ಸ್ ಟ್ಯೂಬ್ ಹಾಕಿದರೆ ಎರಡೂ ಚಕ್ರ ಸೇರಿ ಐದಾರು ವಾಟ್. ಅಂದರೆ ನಿಮ್ಮ ಕಾರ್ಬನ್ ಚಕ್ರದಷ್ಟೇ. ರಾತ್ರಿ ಕಳೆಯುವುದರಲ್ಲಿ ಗಾಳಿ ಇಳಿದಿರುತ್ತದೆ, ರೇಸ್ ದಿನ ಬೆಳಗ್ಗೆ ಹೊಡೆಯಲು ಮರೆಯಬೇಡಿ.

ಬಿಜಾಪುರ ಬಿಸಿಲು:
ಸರ್, ಇದೆಲ್ಲ ವಾಟ್ ಉಳಿಯಿತೋ ಇಲ್ಲವೋ ನಮ್ಮಂಥವರು ಅಳೆಯೋದು ಹೇಗೆ? ಗಾಳಿಸುರಂಗ ಎಲ್ಲಿಂದ ತರೋಣ?

ಗಾಳಿಲೆಕ್ಕ:
ಪವರ್ ಮೀಟರ್ (ತುಳಿಯುವ ವಾಟ್ ಅಳೆಯುವ ಸಾಧನ) ಮತ್ತು ಚಕ್ರಕ್ಕೆ ಕಟ್ಟುವ ಸ್ಪೀಡ್ ಸೆನ್ಸರ್ ಇದ್ದರೆ ರಸ್ತೆಯಲ್ಲೇ ಆಗುತ್ತದೆ. ಇದಕ್ಕೆ ಚಂಗ್ ವಿಧಾನ ಅಂತಾರೆ, ರಾಬರ್ಟ್ ಚಂಗ್ ಎಂಬುವರು ತೋರಿಸಿಕೊಟ್ಟದ್ದು. ಬೆಳಗಿನ ಜಾವ ಗಾಳಿ ಏಳುವ ಮುಂಚೆ, ವಾಹನ ಇಲ್ಲದ ಚಿಕ್ಕ ಸುತ್ತು ರಸ್ತೆ ಹುಡುಕಿ. ಬ್ರೇಕ್ ಮುಟ್ಟದೆ ಸುತ್ತಬೇಕು. ಐದಾರು ಸುತ್ತು ಹೊಡೆಯಿರಿ. ಪ್ರತಿ ಸುತ್ತಿನ ಕೊನೆಗೆ ನೀವು ಹೊರಟ ಜಾಗಕ್ಕೇ ಬಂದಿರುತ್ತೀರಿ, ಅಂದರೆ ಎತ್ತರ ಅದೇ ಇರಲೇಬೇಕು. ನೀವು ಹಾಕಿದ ವಾಟ್ ಮತ್ತು ವೇಗ ಇಟ್ಟುಕೊಂಡು ಸಾಫ್ಟ್‌ವೇರ್ ಆ ಎತ್ತರದ ಗೆರೆ ಎಳೆಯುತ್ತದೆ. ಸಿಡಿಎ ತಪ್ಪು ಕೊಟ್ಟರೆ ಗೆರೆ ಸುತ್ತು ಸುತ್ತಿಗೆ ಮೇಲಕ್ಕೋ ಕೆಳಕ್ಕೋ ಜಾರುತ್ತದೆ. ಗೆರೆ ಮಟ್ಟಕ್ಕೆ ಬರುವವರೆಗೆ ತಿದ್ದಿ. ಅದೇ ನಿಮ್ಮ ಸಿಡಿಎ. ಗೋಲ್ಡನ್ ಚೀತಾ ಅನ್ನುವ ಉಚಿತ ಸಾಫ್ಟ್‌ವೇರಿನಲ್ಲಿ ಏರೋಲ್ಯಾಬ್ ಅಂತ ಇದೆ, ಅದರಲ್ಲಿ ಮಾಡಬಹುದು.

ಹೊಸ ಭಂಗಿ ಪರೀಕ್ಷೆ ಮಾಡುವಾಗ ಹಳೆಯದು, ಹೊಸದು, ಮತ್ತೆ ಹಳೆಯದು ಅಂತ ಮಾಡಿ. ಎರಡು ಸಲದ ಹಳೆಯದು ತಾಳೆ ಆಗದಿದ್ದರೆ ಗಾಳಿ ಎದ್ದಿದೆ, ಮನೆಗೆ ಹೋಗಿ ತಿಂಡಿ ತಿನ್ನಿ.

ಬೆಂಗಳೂರಿನವರಿಗೆ ಇನ್ನೊಂದು ಮಾತು. ನಾವು 900 ಮೀಟರ್ ಎತ್ತರದಲ್ಲಿದ್ದೇವೆ. ಸಮುದ್ರ ಮಟ್ಟದ ಗಾಳಿ ನಮ್ಮದಕ್ಕಿಂತ ಸುಮಾರು ಶೇ. 10ರಷ್ಟು ದಟ್ಟ. ಇಲ್ಲಿ 30.8ರಲ್ಲಿ ಹೋಗುವವರು ಅಷ್ಟೇ ವಾಟಿಗೆ ಗೋವಾದಲ್ಲಿ 30ಕ್ಕೆ ಇಳಿಯುತ್ತಾರೆ. ಅಲ್ಲಿ ಹೋಗಿ ಕಾಲು ಸತ್ತುಹೋಗಿದೆ ಅಂತ ಗಾಬರಿಯಾಗಿ ಜಾಸ್ತಿ ತುಳಿಯಬೇಡಿ. ವೇಗ ನೋಡಬೇಡಿ, ವಾಟ್ ನೋಡಿ.

ಕಡಲತಡಿ:
ಸೆಕೆಯಲ್ಲಿ ಗಾಳಿ ಭಾರ ಅನಿಸುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ನಿಜಕ್ಕೂ ತೇವದ ಗಾಳಿ ಒಣಗಾಳಿಗಿಂತ ಒಂದು ಚೂರು ಹಗುರ. ಭಾರ ಆಗುವುದು ನಾವು, ಬೆವರು ಆರದೆ.

ಹಳೇ ಹುಲಿ:
ಸರಿ, ಏರೋ ಪಕ್ಷ ಗೆದ್ದಿತು ಅಂತಲೇ ಇಟ್ಟುಕೊಳ್ಳಿ. ಹಾಗಾದರೆ ಆ ಭಂಗಿಯನ್ನೇ ತಾಲೀಮು ಮಾಡಿ ಅನ್ನುವುದು ನನ್ನ ವಾದ. ವಾರಕ್ಕೆ ಎಂಟು ಹತ್ತು ಗಂಟೆ ಸಿಗುವವರಿಗೆ ಹೇಳುತ್ತಿದ್ದೇನೆ.

ಮಳೆಗಾಲದಲ್ಲಿ ಟ್ರೇನರ್ (ಮನೆಯೊಳಗೆ ಸೈಕಲ್ ನಿಲ್ಲಿಸಿ ತುಳಿಯುವ ಸ್ಟ್ಯಾಂಡ್) ಮೇಲೆ ಏರೋ ಬಾರ್ ಹಿಡಿದೇ ಕೂತುಕೊಳ್ಳಿ. ಎದುರಿಗೆ ದೊಡ್ಡ ಫ್ಯಾನು ಇರಲಿ. ಮೊದಲು ಹತ್ತು ಹತ್ತು ನಿಮಿಷ, ಆಮೇಲೆ ರೇಸ್ ವಾಟಿನಲ್ಲೇ ಇಪ್ಪತ್ತು ನಿಮಿಷದ ಮೂರು ಸುತ್ತು, ಏಳದೆ. ಟ್ರೇನರ್ ಮೇಲೆ ಸೈಕಲ್ ಅಲುಗಾಡದ ಕಾರಣ ಸೀಟು ಇನ್ನೂ ಜಾಸ್ತಿ ಒತ್ತುತ್ತದೆ. ಅಲ್ಲಿ ಸಹಿಸಿದರೆ ರಸ್ತೆಯಲ್ಲಿ ಸಹಿಸಬಹುದು. ಭಾನುವಾರದ ಉದ್ದ ಸವಾರಿ ಮುಗಿದ ಕೂಡಲೇ ಶೂ ಬದಲಿಸಿ ಇಪ್ಪತ್ತು ನಿಮಿಷ ಓಡಿ. ಭಂಗಿ ತಪ್ಪಿದ್ದರೆ ಆ ಇಪ್ಪತ್ತು ನಿಮಿಷ ಹೇಳಿಬಿಡುತ್ತದೆ, ಯಾವ ಫಿಟ್ಟರ್‌ಗಿಂತ ಚೆನ್ನಾಗಿ.

ರಸ್ತೆಯಲ್ಲಿ ಎಚ್ಚರ. ಏರೋ ಬಾರ್ ಹಿಡಿದಾಗ ಬ್ರೇಕ್ ಕೈಗೆ ಸಿಗುವುದಿಲ್ಲ. ನಮ್ಮಲ್ಲಿ ಬಣ್ಣ ಬಳಿಯದ ಹಂಪು, ನಾಯಿ, ರಾಂಗ್ ಸೈಡಲ್ಲಿ ಬರುವ ಟ್ರ್ಯಾಕ್ಟರ್ ಎಲ್ಲ ಉಂಟು. ಗುಂಪಿನಲ್ಲಿ ಹೋಗುವಾಗ ಮಲಗಲೇಬೇಡಿ. ನುಣುಪಾಗಿದೆ ಅಂತ ಮೈಸೂರು ಎಕ್ಸ್‌ಪ್ರೆಸ್‌ವೇ ಕಡೆ ಆಸೆ ಪಡಬೇಡಿ, 2023ರ ಆಗಸ್ಟ್ 1ರಿಂದ ಮುಖ್ಯ ರಸ್ತೆಗೆ ಬೈಕು, ಆಟೋ, ಸೈಕಲ್ ಯಾವುದಕ್ಕೂ ಪ್ರವೇಶ ಇಲ್ಲ.

ಪೆಡಲ್ ಮಂಡ್ಯ:
ಗೊತ್ತು ಸರ್, ನಮ್ಮೂರ ದಾರಿಯೇ ಅದು! ಸರ್ವಿಸ್ ರೋಡಲ್ಲಿ ಮಲಗಿದರೆ ಸೀದಾ ಆಸ್ಪತ್ರೆಗೆ.

ತಿನ್ನೋದು ಹೇಗೆ ಮಲಗಿಕೊಂಡು? ಪೊಟ್ಟಣದಲ್ಲಿ ಬರುವ ಸಿಹಿ ಜೆಲ್ ನನಗೆ ಆಗಲ್ಲ, ಬೆಲೆಯೂ ಜಾಸ್ತಿ.

ಕಡಲತಡಿ:
ಗಂಟೆಗೆ 60–90 ಗ್ರಾಂ ಕಾರ್ಬ್ ಒಳಗೆ ಹೋಗಬೇಕು. ನಮ್ಮ ಏಲಕ್ಕಿ ಬಾಳೆ ಚಿಕ್ಕದು, ಮೂರ್ನಾಲ್ಕು ತಿಂದರೂ ಗಂಟೆಗೆ ಸಾಲದು. ಬಾಟಲಿಗೆ 70 ಗ್ರಾಂ ಸಾದಾ ಸಕ್ಕರೆ, ಕಾಲು ಟೀ ಚಮಚ ಉಪ್ಪು, ನಿಂಬೆಹಣ್ಣು ಹಿಂಡಿ. ಸಕ್ಕರೆ ಅಂದರೆ ಅರ್ಧ ಗ್ಲೂಕೋಸ್, ಅರ್ಧ ಫ್ರಕ್ಟೋಸ್. ಎರಡೂ ಕರುಳಿನಲ್ಲಿ ಬೇರೆ ಬೇರೆ ದಾರಿಯಲ್ಲಿ ಒಳಗೆ ಹೋಗುತ್ತವೆ, ಹಾಗಾಗಿ ಬರೀ ಗ್ಲೂಕೋಸಿಗಿಂತ ಜಾಸ್ತಿ ಹಿಡಿಸುತ್ತದೆ. ಮುಂದೆ ಕಟ್ಟಿದ ಬಾಟಲಿಯಿಂದ ಸ್ಟ್ರಾದಲ್ಲಿ ಹದಿನೈದು ನಿಮಿಷಕ್ಕೊಮ್ಮೆ ಎಳೆಯಿರಿ. ಇದನ್ನೂ ತಾಲೀಮಿನಲ್ಲೇ ಹೊಟ್ಟೆಗೆ ರೂಢಿ ಮಾಡಿಸಬೇಕು. ಮಲಗಿಕೊಂಡು ಕುಡಿಯಲಾಗದಿದ್ದರೆ ಆ ಭಂಗಿ ನಿಮ್ಮದಲ್ಲ, ಪ್ಯಾಡ್ ಎತ್ತರಿಸಿ. ಎರಡು ವಾಟ್ ಹೋಗಲಿ.

ರೋಥ್ ರಾಯರು:
ಮಧ್ಯೆ ಮಾತು. ಮುಂದಿನವರ ಬೆನ್ನ ಹಿಂದೆ ಅಡಗಿಕೊಳ್ಳುವುದು ಎಲ್ಲಕ್ಕಿಂತ ದೊಡ್ಡ ಏರೋ ಅಂತ ಯಾರೂ ಐಡಿಯಾ ಕೊಡಬೇಡಿ. ಅವರ ಸೈಕಲ್ಲಿನ ಮುಂದಿನ ಚಕ್ರದಿಂದ ನಿಮ್ಮ ಸೈಕಲ್ಲಿನ ಮುಂದಿನ ಚಕ್ರಕ್ಕೆ 12 ಮೀಟರ್ ಅಂತರ ಇರಲೇಬೇಕು. ಆ ಜಾಗಕ್ಕೆ ನುಗ್ಗಿದರೆ 25 ಸೆಕೆಂಡಿನಲ್ಲಿ ದಾಟಿ ಮುಂದೆ ಹೋಗಬೇಕು. ಇಲ್ಲದಿದ್ದರೆ ಪೆನಾಲ್ಟಿ ಟೆಂಟಿನಲ್ಲಿ ಐದು ನಿಮಿಷ. ಏರೋದಿಂದ ಗಳಿಸಿದ್ದರಲ್ಲಿ ಅರ್ಧ ಅಲ್ಲೇ ಹೋಯಿತು.

ಮತ್ತೆ ದಿಬ್ಬ ಬಂದಾಗ ಪಕ್ಕದವನು ದಾಟಿದ ಅಂತ ಎದ್ದು ತುಳಿಯಬೇಡಿ. ಏರಿನಲ್ಲಿ ಹತ್ತು ಶೇಕಡಾ ಹೆಚ್ಚು ಸಾಕು. ಇಳಿಜಾರಿನಲ್ಲಿ ತುಳಿಯುವುದು ನಿಲ್ಲಿಸಿ ಮೈ ಮಡಚಿ. ಆ ವೇಗದಲ್ಲಿ ಹಾಕಿದ ವಾಟೆಲ್ಲ ಗಾಳಿಗೇ.

ಪೆಡಲ್ ಮಂಡ್ಯ:
ಹಾಗಾದರೆ ಈ ತಿಂಗಳು ಏರೋ ಬಾರ್, ಸೀಟು, ಟಯರ್. ಆಮೇಲೆ ಫಿಟ್ಟಿಂಗ್. ಪವರ್ ಮೀಟರ್ ಸೆಕೆಂಡ್ ಹ್ಯಾಂಡ್ ಹುಡುಕುತ್ತಿದ್ದೇನೆ, ಯಾರಾದರೂ ಮಾರುವವರಿದ್ದರೆ ಹೇಳಿ. ಚಕ್ರದ ಗೆಳೆಯನಿಗೆ ಏನು ಹೇಳೋದು ಅಂತ ಯೋಚಿಸುತ್ತಿದ್ದೇನೆ, ಅವನು ಆಗಲೇ ಡಿಸ್ಕೌಂಟ್ ಮಾತಾಡಿಬಿಟ್ಟಿದ್ದಾನೆ.

ಬಿಜಾಪುರ ಬಿಸಿಲು:
ಚಕ್ರ ರೇಸಿಗೆ ಮಾತ್ರ ಅವನಿಂದಲೇ ಎರವಲು ಕೇಳಿ. ಕೊಟ್ಟರೆ ಗೆಳೆಯ.

ಕಡಲತಡಿ:
ಸೈಕಲ್ ಬಿಚ್ಚಿ ಡಬ್ಬಿಗೆ ತುಂಬಿ ಗೋವಾಕ್ಕೆ ಒಯ್ಯುವ ಮುಂಚೆ ಸೀಟ್ ಪೋಸ್ಟ್ ಎತ್ತರ, ಸೀಟಿನ ಹಳಿ, ಪ್ಯಾಡ್, ಏರೋ ಬಾರ್ ಉದ್ದ, ಎಲ್ಲಕ್ಕೂ ಇನ್ಸುಲೇಷನ್ ಟೇಪ್ ಸುತ್ತಿ ಗುರುತು ಮಾಡಿ, ಫೋಟೋ ತೆಗೆದಿಟ್ಟುಕೊಳ್ಳಿ. ಹೋಟೆಲ್ ರೂಮಿನಲ್ಲಿ ರಾತ್ರಿ ಜೋಡಿಸುವಾಗ ಅಂದಾಜಿಗೆ ಒಂದು ಸೆಂಟಿಮೀಟರ್ ತಪ್ಪಿದರೂ ಮಾಡಿದ ಫಿಟ್ಟಿಂಗ್ ಎಲ್ಲ ನೀರಿಗೆ ಹಾಕಿದ ಹಾಗೆ. ಅಲೆನ್ ಕೀ ಕೈಚೀಲದಲ್ಲಿ ಇಡಬೇಡಿ, ವಿಮಾನ ನಿಲ್ದಾಣದಲ್ಲಿ ಕಿತ್ತುಕೊಳ್ಳುತ್ತಾರೆ. ಸೈಕಲ್ ಡಬ್ಬಿಯೊಳಗೇ ಹಾಕಿ.